ಈ ಮೊದಲು ಹಜ್ ಮಾಡಿದ್ದೀರಾ?

ನಮ್ಮ ಹ್ಯಾಲಿಫ್ಯಾಕ್ಸ್ ಮಸೀದಿಯ ಮೇಲುಮಾಳಿಗೆಯಲ್ಲಿ ಒಂದು ಸಣ್ಣ ಕೋಣೆಯಿದೆ. ಮೊದಲು ಅದರಲ್ಲಿ ಹಳೆಯ ಜಮಖಾನೆಗಳನ್ನೂ ಕಾಲು ಮುರಿದ ಕುರ್ಚಿಗಳನ್ನೂ ತುಂಬಿಡುತ್ತಿದ್ದರು. ಏಜೆಂಟನ ಅಂಗಡಿಗೆ ಹೋಗಿ ಪಾಸ್‌ಪೋರ್ಟು ಕೊಟ್ಟು ಬಂದರೆ ಹಜ್‌ನ ಏರ್ಪಾಡು ಮುಗಿಯುತ್ತಿದ್ದ ಕಾಲ ಅದು. ಈಗ ಹಾಗಿಲ್ಲ. ಈ ವಿಲಾಯತಿ ದೇಶದಿಂದ ಹೋಗುವವರು ಸೌದಿಯವರ ಜಾಲತಾಣದಲ್ಲಿ ತಾವೇ ಹೆಸರು ತುಂಬಬೇಕು, ತಾವೇ ಜಾಗ ಹಿಡಿಯಬೇಕು. ಹೀಗಾದ ಮೇಲೆ ಆ ಕೋಣೆಯ ಜಮಖಾನೆಗಳು ಹೊರಗೆ ಹೋದವು. ಒಂದು ಮೇಜು, ಒಂದು ಕಂಪ್ಯೂಟರು, ಕಾಲು ಕಾಯಿಸುವುದಕ್ಕೆ ಒಂದು ಹೀಟರು ಒಳಗೆ ಬಂದವು. ಅವುಗಳ ಜೊತೆಗೆ ನಾನೂ ಬಂದೆ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು ನಾನು. ಹೆಸರು ವಿಳಾಸಗಳಲ್ಲಿ ಮಹ್ರೂಫ್ ತಪ್ಪು ಮಾಡುವುದಿಲ್ಲ ಎಂದು ಕಮಿಟಿಯವರು ತಂದು ಕೂರಿಸಿದರು. ಅಲ್ಲಾಹನ ಮನೆಗೆ ಹೊರಟವರ ಹೆಸರು ನನ್ನ ಬೆರಳ ತುದಿಯಿಂದ ಹಾದು ಹೋಗುತ್ತದೆ. ಅದಕ್ಕಿಂತ ದೊಡ್ಡ ಕೂಲಿ ನನಗೆ ಬೇಡ.

ಅದು ಫೆಬ್ರವರಿಯ ಒಂದು ಮಂಗಳವಾರ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಬುಕಿಂಗ್ ತೆರೆಯುವುದಿತ್ತು. ಅಷ್ಟರೊಳಗೆ ಎಲ್ಲರ ನೋಂದಣಿ ಪೂರ್ತಿಯಾಗಿರಬೇಕು. ಮಧ್ಯಾಹ್ನದ ಜುಹರ್ ನಮಾಜು ಮುಗಿದದ್ದೇ ಮೆಟ್ಟಿಲ ಮೇಲೆ ಮುದುಕರ ಕೆಮ್ಮು ಕೇಳಿಸಿತು. ಮೊದಲು ಬಂದವರು ಫಜಲ್ ಚಾಚಾ. ಎಂಬತ್ತರ ಮನುಷ್ಯ, ಬಾಯಿ ಮಾತ್ರ ಇಪ್ಪತ್ತರದು.

"ಮಹ್ರೂಫ್, ಫೋಟೊಗೆ ಕನ್ನಡಕ ತೆಗೀಬೇಕಂತೆ. ಕನ್ನಡಕ ತೆಗೆದರೆ ಕ್ಯಾಮೆರಾ ಯಾವ ಕಡೆ ಇದೆ ಅಂತ ನನಗೆ ಗೊತ್ತಾಗಬೇಕಲ್ಲ?"

"ಗೋಡೆ ಕಡೆ ಬೆನ್ನು ಮಾಡಿ ಚಾಚಾ. ಎದುರಿಗೆ ಏನಿದೆಯೋ ಅದೇ ಕ್ಯಾಮೆರಾ."

"ಹುಟ್ಟಿದ ದಿನ ಕೇಳಿದರೆ ಜನವರಿ ಒಂದು ಅಂತ ಹಾಕು. ನನಗೂ ಅದೇ, ನನ್ನ ಹೆಂಡತಿಗೂ ಅದೇ. ನಮ್ಮ ಹುಟ್ಟೂರು ಮೀರ್‌ಪುರದ ತಾಯಂದಿರು ಹೊಸ ವರ್ಷಕ್ಕೇ ಕಾದಿದ್ದು ಹೆರುತ್ತಿದ್ದರು."

ನಾವು ನಗುತ್ತಿರುವಾಗಲೇ ಬಾಗಿಲಲ್ಲಿ ವಾಜಿದ್ ಕಾಣಿಸಿದ. ಐವತ್ತೊಂದು ವರ್ಷದವನು, ಊರ ಬಸ್ಸು ಓಡಿಸುವವನು. ಅವನ ತೋಳು ಹಿಡಿದು ಅವನ ತಾಯಿ ಒಂದೊಂದೇ ಮೆಟ್ಟಿಲು ಹತ್ತಿ ಬಂದರು.

ರೇಶಮ್ ಜಾನ್ ಎಂದರೆ ನಮ್ಮ ಬೀದಿಯಲ್ಲಿ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಹಜ್ಜನ್ ಬೀ ಎಂದರೆ ಮೂರು ವರ್ಷದ ಕೂಸೂ ಮನೆ ತೋರಿಸುತ್ತದೆ. ಹಜ್ ಮಾಡಿ ಬಂದ ಗಂಡಸು ಹಾಜಿ, ಹೆಂಗಸು ಹಜ್ಜನ್. ಮೂವತ್ತಾರು ವರ್ಷಗಳ ಹಿಂದೆ ಅವರೂ ಅವರ ಗಂಡ ಕರಮ್‌ದಾದರೂ ಮುಪ್ಪಿನ ಅತ್ತೆಯನ್ನು ಕರೆದುಕೊಂಡು ಹೋದಾಗ, ಈ ಬೀದಿಯಲ್ಲಿ ಹಜ್ ಕಂಡವರು ಬೆರಳೆಣಿಕೆಯಷ್ಟು. ಅತ್ತೆ ನೂರ್ ಬೇಗಂ ಅಲ್ಲಿಯೇ ತೀರಿಕೊಂಡು ಮಕ್ಕಾದ ಮಣ್ಣಿಗೆ ಸೇರಿದರು. "ಅರಫಾದ ಬಯಲಲ್ಲಿ ಮೂವರೂ ಒಟ್ಟಿಗೆ ನಿಂತೆವು. ಅಲ್ಲಿಂದ ಬಂದ ಮೇಲೆ ನನ್ನ ಬೇಬೇ, ನನ್ನನ್ನು ಹೆತ್ತವಳು, ನನ್ನ ತೊಡೆಯ ಮೇಲೆ ಕಲ್ಮಾ ಹೇಳುತ್ತ ಕಣ್ಣು ಮುಚ್ಚಿದಳು" ಎಂದು ಹಾಜಿ ಕರಮ್‌ದಾದರು ವಾಪಸು ಬಂದ ದಿನ ಹೊಸ್ತಿಲಲ್ಲಿ ನಿಂತು ಹೇಳಿದರು. ಅವರು ಹೇಳಿದ್ದು ಆ ಒಂದು ಸಲ. ಆಮೇಲೆ ಬೀದಿಯೇ ಅದನ್ನು ಹೇಳಿಕೊಂಡು ಬಂತು. ತಂದೆ ಎಂದರೆ ಪ್ರಾಣ ಬಿಡುವ ವಾಜಿದ್ ತನ್ನ ಮಕ್ಕಳಿಗೆ ಅದನ್ನೇ ಹೇಳಿ ಮಲಗಿಸುತ್ತಿದ್ದ. ಹಾಜಿ ಸಾಹೇಬರು ತೀರಿಹೋಗಿ ಈಗ ನಾಲ್ಕು ವರ್ಷ.

"ಈ ಸಲ ಬೇಬೇ ಜೊತೆ ನಾನೂ ಹೊರಟೆ ಭಾಯಿ" ಎಂದು ವಾಜಿದ್ ಪಾಸ್‌ಪೋರ್ಟುಗಳನ್ನು ಮೇಜಿನ ಮೇಲಿಟ್ಟ. "ನನಗೆ ಮೊದಲನೇದು, ಅವರಿಗೆ ಎರಡನೇದು. ದಾರಿ ಗೊತ್ತಿರೋರು ಜೊತೇಲಿದ್ದರೆ ಒಳ್ಳೇದಲ್ವಾ?"

ನಾನು ಅವರನ್ನು ಖಾಲಾ, ಚಿಕ್ಕಮ್ಮ, ಎಂದೇ ಕರೆಯುವುದು. ಅವರ ಕೈಯಲ್ಲಿ ತಸ್ಬೀಹಿನ ಜಪಮಣಿಗಳು ಜಾರುತ್ತಿದ್ದವು.

ನಾನು ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ, ಕೇಳಿ, ತುಂಬುವವನು. ಹೆಸರು, ತಂದೆಯ ಹೆಸರು, ಪಾಸ್‌ಪೋರ್ಟಿನ ಸಂಖ್ಯೆ, ಕಾಯಿಲೆ ಏನಾದರೂ ಇದೆಯೇ, ಗಾಲಿಕುರ್ಚಿ ಬೇಕೇ. ಅದರ ನಂತರ ಒಂದು ಪ್ರಶ್ನೆ ಬಂತು. ಅದನ್ನು ಮಾತ್ರ ನಾನು ಓದಲಿಲ್ಲ. ಸುಮ್ಮನೆ 'ಹೌದು' ಒತ್ತಿ ಮುಂದಕ್ಕೆ ಹೋದೆ.

"ಈಗ ಏನು ಒತ್ತಿದೆ?" ಎಂದರು ಖಾಲಾ.

"ಅದು ಬಿಡಿ ಖಾಲಾ. ನಿಮ್ಮನ್ನ ಕೇಳೋ ಅಂಥದ್ದಲ್ಲ."

"ಇಷ್ಟು ಹೊತ್ತು ಎಲ್ಲಾ ಓದಿ ಹೇಳ್ದೆ. ಅದನ್ನೂ ಓದು."

"ಈ ಮೊದಲು ಹಜ್ ಮಾಡಿದ್ದೀರಾ ಅಂತ ಕೇಳಿತ್ತು. ಹೌದು ಅಂದೆ."

ಮಣಿಗಳು ನಿಂತವು. "ಅದು ನನ್ನನ್ನೇ ಕೇಳ್ತಿದೆಯಾ?"

"ನಿಮ್ಮನ್ನೇ ಖಾಲಾ. ನಿಮ್ಮ ಹೆಸರಿನ ಕೆಳಗೇ ಇದೆಯಲ್ಲ."

ಅವರು ಪರದೆಯ ಕಡೆ ನೋಡಿದರು. ಓದಲು ಬಾರದವರು, ಆದರೂ ಮಾತನಾಡಿಸಿದ ಮನುಷ್ಯನ ಮುಖವನ್ನು ನೋಡುವಂತೆ ನೋಡಿದರು.

"ಹಾಗಾದರೆ ಇಲ್ಲ ಅಂತ ಒತ್ತು."

ಫಜಲ್ ಚಾಚಾ ತೊಡೆ ತಟ್ಟಿಕೊಂಡು ನಕ್ಕರು. "ವಾಹ್ ಹಜ್ಜನ್ ಬೀ! ಮೊದಲನೇ ಸಲದವರಿಗೆ ಜಾಗ ಬೇಗ ಸಿಗುತ್ತೆ ಅನ್ನೋ ಸುದ್ದಿ ನಿಮ್ಮ ಅಡುಗೆಮನೆಗೂ ಬಂದು ಮುಟ್ಟಿತಾ? ನನಗಿಂತ ಜಾಣೆ ನೀವು. ನಾನು ಪೆದ್ದನ ಹಾಗೆ ಎರಡು ಸಲ ಆಗಿದೆ ಅಂತ ಹೇಳಿಬಿಟ್ಟೆ!"

ವಾಜಿದ್‌ನ ಮುಖ ಕಿವಿಯವರೆಗೂ ಕೆಂಪಾಯಿತು. "ಬೇಬೇ, ಇದೇನು ಮಾತು? ಇಲ್ಲ ಅಂತ ಹೇಗೆ ಹಾಕೋದು?"

"ಇಲ್ಲ ಅಂತ ಒತ್ತು ಮಹ್ರೂಫ್."

"ಒತ್ತಬೇಡಿ ಭಾಯಿ! ಜಾಗ ಸಿಗದೇ ಇದ್ದರೆ ಮುಂದಿನ ವರ್ಷ ಹೋಗೋಣ. ಸುಳ್ಳು ಬರೆಸಿ, ಬಂದೆ ಅಲ್ಲಾಹ್ ಅಂತ ಲಬ್ಬೈಕ್ ಹೇಳೋಕೆ ಹೋಗ್ತೀರಾ? ಅಬ್ಬಾ ಇದ್ದಿದ್ದರೆ ಏನಂತಿದ್ದರು?"

ಆ ಮಾತು ಕಿವಿಗೆ ಬಿದ್ದದ್ದೇ ಖಾಲಾ ಎದ್ದರು. ಮಗನ ತೋಳನ್ನು ಹಿಡಿಯಲಿಲ್ಲ. ಮೆಟ್ಟಿಲ ಕಟಕಟೆ ಹಿಡಿದು ತಾವೇ ಇಳಿದು ಹೋದರು. ವಾಜಿದ್ ಪಾಸ್‌ಪೋರ್ಟುಗಳನ್ನು ಅಲ್ಲೇ ಬಿಟ್ಟು ಹಿಂದೆಯೇ ಓಡಿದ.

"ನಾನು ತಮಾಷೆಗೆ ಅಂದದ್ದಪ್ಪ" ಎಂದರು ಫಜಲ್ ಚಾಚಾ, ನಗು ಇಂಗಿ.

ನಾನು 'ಹೌದು' ಅಳಿಸಿ, ಉತ್ತರದ ಜಾಗವನ್ನು ಖಾಲಿ ಬಿಟ್ಟು ಅರ್ಜಿಯನ್ನು ಉಳಿಸಿಟ್ಟೆ. ನಿಜ ಹೇಳುತ್ತೇನೆ, ನನಗೂ ಆಗ ಬೇರೆ ಯೋಚನೆ ಬರಲಿಲ್ಲ. ಎಪ್ಪತ್ತೇಳು ವರ್ಷ, ಮಂಡಿ ನೋವು, ಇನ್ನೊಂದು ಸಲ ಹೋಗಿಬಿಡಬೇಕೆಂಬ ಆಸೆ. ಆ ಆಸೆ ಇಂಥ ಹೆಂಗಸನ್ನೂ ಬಾಗಿಸಿತಲ್ಲ ಎಂದುಕೊಂಡೆ. ಆ ಯೋಚನೆಗೆ ಆಮೇಲೆ ಎಷ್ಟೋ ಸಲ ಕ್ಷಮೆ ಕೇಳಿದ್ದೇನೆ.

ಮರುದಿನ ಇಳಿಹೊತ್ತಿನ ಅಸರ್ ನಮಾಜಿನ ನಂತರ ಖಾಲಾ ನನ್ನನ್ನು ಮನೆಗೆ ಕರೆಸಿದರು. ಮುಂದಿನ ಕೋಣೆಯಲ್ಲಿ ವಾಜಿದ್ ಮೈಮೇಲಿನ ಕೋಟನ್ನೂ ತೆಗೆಯದೆ ಕುಳಿತಿದ್ದ. ಖಾಲಾ ಏಲಕ್ಕಿ ಚಹಾ ತಂದಿಟ್ಟರು, ರಸ್ಕಿನ ತಟ್ಟೆ ಇಟ್ಟರು. ಕಿಟಕಿಯಾಚೆ ಗುಡ್ಡದ ಮೇಲೆ ಹಿಮ ಬಿದ್ದಿತ್ತು. ಅವರು ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, "ಬಿಸ್ಮಿಲ್ಲಾ" ಎಂದರು. ಊಟಕ್ಕೆ ಕೂತಂತೆ.

"ವಾಜಿದ್, ಅರಫಾದ ದಿನ ಆ ಬಯಲಲ್ಲಿ ನಿಲ್ಲದೆ ಹೋದವರಿಗೆ ಹಜ್ ಆಗುತ್ತಾ?"

"ಆಗೋಲ್ಲ. ಅದೇ ತಾನೆ ಹಜ್? ಮಿಕ್ಕದ್ದಕ್ಕೆಲ್ಲ ಪರಿಹಾರ ಉಂಟು, ಅದಕ್ಕಿಲ್ಲ. ಮದರಸಾದಲ್ಲಿ ಎಳೇ ಮಕ್ಕಳಿಗೆ ಹೇಳಿಕೊಡ್ತಾರೆ."

"ನಾನು ಅಲ್ಲಿ ನಿಲ್ಲಲಿಲ್ಲ."

ವಾಜಿದ್ ನನ್ನ ಕಡೆ ನೋಡಿದ. ನಾನು ಚಹಾದ ಲೋಟದ ಕಡೆ ನೋಡಿದೆ.

"ಅರಫಾದ ಹಿಂದಿನ ದಿನ ನಿನ್ನ ದಾದಿಗೆ, ನನ್ನ ಅತ್ತೆಗೆ, ಬಿಸಿಲು ತಾಗಿತು. ಜುಲೈ ತಿಂಗಳು. ಮಕ್ಕಾದ ಆಸ್ಪತ್ರೆಗೆ ಸೇರಿಸಿದೆವು. ಬೆಳಿಗ್ಗೆ ನಿನ್ನ ಅಬ್ಬಾ ಬಂದು, ಬಸ್ಸು ಹೊರಡುತ್ತೆ, ನಾನು ಹೋಗಿ ಮಧ್ಯಾಹ್ನ ಕಳೆದದ್ದೇ ವಾಪಸು ಬಂದು ಬೇಬೇ ಹತ್ತಿರ ಕೂರ್ತೀನಿ, ಆಗ ನೀನು ಹೋಗು, ನಮ್ಮ ಗುಂಪಿನವರು ಯಾರಾದರೂ ಕರ್ಕೊಂಡು ಹೋಗ್ತಾರೆ ಅಂದರು. ಸರಿ ಅಂದೆ. ಮಧ್ಯಾಹ್ನ ಆಯ್ತು, ಅಸರ್ ಆಯ್ತು. ಬರಲಿಲ್ಲ."

"ಯಾಕೆ?" ವಾಜಿದ್‌ನ ದನಿ ಸಣ್ಣದಾಗಿತ್ತು.

"ಹೊರಡೋಕೆ ಎದ್ದರಂತೆ. ಈಗ ಬಯಲು ಬಿಟ್ಟು ಹೋದರೆ ಈ ಜನಜಾತ್ರೆಯಲ್ಲಿ ವಾಪಸು ಬರೋಕಾಗಲ್ಲ, ಹೊತ್ತು ಮುಳುಗೋ ತನಕ ಇರಲೇಬೇಕು, ನಿನ್ನ ಹಜ್ಜೂ ಕೆಡುತ್ತೆ ಅಂತ ಗುಂಪಿನವರು ಹೆದರಿಸಿದರಂತೆ. ಕೂತುಬಿಟ್ಟರು. ಆಮೇಲೆ ರಸ್ತೆ ಕಟ್ಟಿಹೋಯ್ತು. ನಿನ್ನ ದಾದಿ ಹೊತ್ತು ಮುಳುಗಿ ಮಗ್ರಿಬ್ ಬಾಂಗು ಕೂಗೋ ಹೊತ್ತಿಗೆ ಹೋದರು. ಬೆಳಕು ಹರಿಯೋದರೊಳಗೆ ನಾನು ಅರಫಾ ಮುಟ್ಟಿದ್ದರೂ ನನ್ನ ಹಜ್ ಉಳೀತಿತ್ತು. ಹೆಣ ಬಿಟ್ಟು ಹೇಗೆ ಹೋಗಲಿ? ಭಾಷೆ ಬರಲ್ಲ, ಹಾದಿ ಗೊತ್ತಿಲ್ಲ. ಮಾರನೇ ದಿನ ಹೊತ್ತು ನೆತ್ತಿಗೇರಿದ ಮೇಲೆ ನಿನ್ನ ಅಬ್ಬಾ ಬಂದರು. ಹಜ್ ಪೂರೈಸಿದವರ ಹಾಗೆ ತಲೆ ಬೋಳಿಸಿಕೊಂಡಿದ್ದರು. ಆ ತಲೆ ನೋಡಿದಾಗ ನನಗೆ ಗೊತ್ತಾಯ್ತು, ಅವರದ್ದು ಆಯ್ತು, ನನ್ನದು ಹೋಯ್ತು ಅಂತ."

ಗೋಡೆಯಾಚೆ ಪಕ್ಕದ ಮನೆಯವರ ಬಾಗಿಲು ಮುಚ್ಚಿದ ಸದ್ದಾಯಿತು. ಖಾಲಾ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿ ಮಾತು ಮುಂದುವರಿಸಿದರು.

"ಕಾಬಾದ ಸುತ್ತು ಹಾಕಿ ಇಹ್ರಾಂನ ವ್ರತದಿಂದ ಹೊರಗೆ ಬಂದೆ. ಅದು ಉಮ್ರಾ, ಸಣ್ಣ ಯಾತ್ರೆ, ಆಯ್ತು. ಹಜ್ ಆಗಲಿಲ್ಲ. ಇಲ್ಲಿಗೆ ಬಂದರೆ ಬೀದಿ ತುಂಬ ಜನ, ಹಾರ. ನಿನ್ನ ಅಬ್ಬಾನ ಬಾಯಿಂದ ಆ ಮಾತು ಬಂದುಬಿಡ್ತು. ತಾಯಿ ಸಾಯುವಾಗ ನಾನು ಅಲ್ಲಿರಲಿಲ್ಲ ಅಂತ ಹಾರ ಹಾಕಿಸಿಕೊಂಡು ನಿಂತ ಮನುಷ್ಯ ಹೇಗೆ ಹೇಳ್ತಾನೆ? ಒಳಗೆ ಬಂದು ಅಡುಗೆಮನೆಯಲ್ಲಿ ನನ್ನ ಮುಂದೆ ಕೂತು ಅತ್ತರು. ಮರುವರ್ಷವೇ ನಿನ್ನನ್ನ ಕರ್ಕೊಂಡು ಹೋಗ್ತೀನಿ ಅಂದರು. ಮರುವರ್ಷ ಅವರು ಕೆಲಸಕ್ಕಿದ್ದ ಗಿರಣಿ ಮುಚ್ಚಿತು. ಆಮೇಲೆ ನಿನ್ನ ತಂಗಿ ಮದುವೆ. ಆಮೇಲೆ ಅವರ ಎದೆನೋವು. ಎಲ್ಲರ ಮನೇಲೂ ಆಗೋ ಹಾಗೆ ಆಯ್ತು, ಅಷ್ಟೇ."

ವಾಜಿದ್ ಎದ್ದು ನಿಂತ. "ಮೂವತ್ತಾರು ವರ್ಷ! ನನ್ನ ಮಕ್ಕಳಿಗೆ ನಾನು ಏನೇನು ಹೇಳಿದೆ! ನಿಮ್ಮೆದುರಿಗೇ ಹೇಳಿದೆ. ನೀವು ಕೇಳಿಸಿಕೊಂಡು ರೊಟ್ಟಿ ತಟ್ಟುತ್ತಾ ಕೂತಿದ್ದಿರಿ."

"ಕೂತಿದ್ದೆ."

"ಈಗ ಯಾಕೆ ಹೇಳ್ತೀರಿ? ಸತ್ತವರ ತಪ್ಪು ಮುಚ್ಚಿಡಬೇಕು ಅಂತ ನೀವೇ ನಮಗೆ ಕಲಿಸಿದ್ದು. ಅಬ್ಬಾ ಮಣ್ಣೊಳಗೆ ಮಲಗಿದ್ದಾರೆ. ಅದೊಂದು ಗುಂಡಿ ಬೇಬೇ, ಕಂಪ್ಯೂಟರಿನ ಗುಂಡಿ! ಹೌದು ಅಂತ ಒತ್ತಿ ಹೋಗಿಬನ್ನಿ. ಯಾವುದು ಮೊದಲನೇದು, ಯಾವುದು ಎರಡನೇದು ಅಂತ ಅಲ್ಲಾಹನಿಗೆ ಗೊತ್ತಿಲ್ವಾ?"

"ಗೊತ್ತಿದೆ. ಗೊತ್ತಿರೋನ ಮನೆಗೆ ಹೋಗೋಕೆ ಸುಳ್ಳು ಹೇಳಿ ಬಾಗಿಲು ತೆಗೆಸಲಾ?"

ಖಾಲಾ ನನ್ನ ಕಡೆ ತಿರುಗಿದರು.

"ಮಹ್ರೂಫ್, ನೀನೂ ಕೇಳು. ಇವನ ಅಬ್ಬಾನಿಗೆ ನಾನೊಂದು ಮಾತು ಕೊಟ್ಟಿದ್ದೆ. ಅವತ್ತು, ಆ ಅಡುಗೆಮನೆಯಲ್ಲಿ. ನಾನಾಗಿ ಯಾರಿಗೂ ಹೇಳಲ್ಲ. ಆದರೆ ಯಾರಾದರೂ ನನ್ನನ್ನ ನೇರವಾಗಿ ಕೇಳಿದರೆ, ರೇಶಮ್ ಜಾನ್, ನೀನು ಹಜ್ ಮಾಡಿದ್ದೀಯಾ ಅಂತ ಕೇಳಿದರೆ, ಸುಳ್ಳು ಹೇಳಲ್ಲ. ಅವರು ಒಪ್ಪಿಕೊಂಡರು. ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ ಹೆದರಿಕೊಂಡೇ ಇದ್ದೆ. ಯಾರೂ ಕೇಳಲಿಲ್ಲ. ಹಜ್ಜನ್ ಬೀ, ಹಜ್ಜನ್ ಬೀ ಅಂತ ಎಲ್ಲರೂ ಕರೆದರು. ಕರೆದವರು ಯಾರಾದರೂ ಕೇಳ್ತಾರಾ? ಹೆರಿಗೆಗೆ ಹೋದರೆ ಹಜ್ಜನ್ ಬೀ ದುವಾ ಓದಿ ಕೂಸಿನ ಮೇಲೆ ಊದಲಿ, ಮದುವೆಗೆ ಹೋದರೆ ಮದುಮಗಳ ತಲೆ ಮೇಲೆ ಹಜ್ಜನ್ ಬೀ ಮೊದಲು ಕೈ ಇಡಲಿ. ಒಂದೊಂದು ಸಲ ಕರೆದಾಗಲೂ ಮೈಮೇಲೆ ಬೇರೆ ಯಾರದೋ ಬಟ್ಟೆ ಹಾಕಿಕೊಂಡ ಹಾಗೆ ಆಗ್ತಿತ್ತು. ನಿನ್ನೆ ನಿನ್ನ ಆ ಯಂತ್ರ ಕೇಳ್ತು. ಮೂವತ್ತಾರು ವರ್ಷದಲ್ಲಿ ಕೇಳಿದ್ದು ಅದೊಂದೇ."

ಅಷ್ಟು ದಿನ, ಗೊತ್ತಿದ್ದವರೇ ಎಂದು, ಎಷ್ಟು ಜನರಿಗೆ ಆ ಪ್ರಶ್ನೆಯ ಉತ್ತರವನ್ನು ನಾನೇ ಒತ್ತಿ ಕಳಿಸಿದ್ದೆ!

"ನೀವು ಇಲ್ಲ ಅಂತ ಹಾಕಿಸಿದರೆ ಶುಕ್ರವಾರದೊಳಗೆ ಊರಿಗೆಲ್ಲ ಗೊತ್ತಾಗುತ್ತೆ" ಎಂದ ವಾಜಿದ್. "ಫಜಲ್ ಚಾಚಾ ಆಗಲೇ ಬಾಯಿ ತೆರೆದಾಗಿದೆ. ಯಾಕೆ ಇಲ್ಲ ಅಂದರು ಅಂತ ನನ್ನನ್ನ ಕೇಳ್ತಾರೆ. ನಾನು ಏನು ಹೇಳಲಿ? ನನ್ನ ತಾಯಿ ಸುಳ್ಳಿ ಅನ್ನಲಾ, ನನ್ನ ತಂದೆ ಸುಳ್ಳ ಅನ್ನಲಾ?"

"ನಿನ್ನ ಅಬ್ಬಾ ಸುಳ್ಳರಲ್ಲ. ಒಂದು ಸಲ ಹೆದರಿದರು. ಪ್ರತಿ ವರ್ಷ ಅರಫಾದ ದಿನ ಬಂದರೆ ಉಪವಾಸ ಹಿಡಿದು, ಇಫ್ತಾರಿಗೆ ನನಗೆ ತಾವೇ ಅಡುಗೆ ಮಾಡಿ ಹಾಕ್ತಿದ್ದರು. ಹಾಜಿ ಸಾಹೇಬರು ಹೆಂಡತಿಗೆ ಬೇಯಿಸಿ ಹಾಕ್ತಾರೆ ಅಂತ ನೀವೆಲ್ಲ ನಗ್ತಿದ್ದಿರಿ. ಉಪ್ಪು ಜಾಸ್ತಿ ಇರ್ತಿತ್ತು. ನಾನು ಒಂದು ದಿನವೂ ಅನ್ನಲಿಲ್ಲ."

ವಾಜಿದ್ ಬಾಗಿಲ ಹತ್ತಿರ ಹೋಗಿ ನಿಂತು, ನಮ್ಮ ಕಡೆ ನೋಡದೆ ಹೇಳಿದ: "ನನ್ನ ಕೈಲಾಗಲ್ಲ ಬೇಬೇ. ಅಬ್ಬಾನ ಹೆಸರು ಬೀದಿಗೆ ಹಾಕಿ ನಾನು ಹಜ್‌ಗೆ ಹೋಗಲ್ಲ. ನೀವು ಹೌದು ಅಂದರೆ ಬರ್ತೀನಿ. ಇಲ್ಲ ಅಂದರೆ ನನ್ನ ಹೆಸರು ತೆಗೆಸಿಬಿಡಿ."

ಅವನ ಕಾರು ಹೊರಟ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು. ನನಗೆ ಎದ್ದು ಹೋಗಲೂ ಕೂರಲೂ ತೋಚಲಿಲ್ಲ. ಗಂಡನಿಲ್ಲದ ಹೆಂಗಸು, ಮಗನೋ ಅಣ್ಣತಮ್ಮನೋ ಜೊತೆಗಿಲ್ಲದೆ ಈ ಪಯಣಕ್ಕೆ ಹೊರಡುವುದು ನಮ್ಮವರಲ್ಲಿಲ್ಲ. ಬಿಟ್ಟರೂ ಆ ಮಂಡಿ ಹಿಡಿದುಕೊಂಡು ಅವರೊಬ್ಬರೇ ಹೋಗುವಂತಿರಲಿಲ್ಲ.

"ನಾಳೆ ಹತ್ತು ಗಂಟೆಗೆ ತಾನೆ?" ಎಂದರು ಖಾಲಾ. "ಇಲ್ಲ ಅಂತ ಹಾಕಿ ಸಿದ್ಧ ಮಾಡಿಟ್ಟಿರು."

"ಖಾಲಾ, ವಾಜಿದ್ ಬರದೇ ಇದ್ದರೆ?"

"ಬರದೇ ಇದ್ದರೆ ಹೋಗಲ್ಲ. ಹೋಗದೇ ಇದ್ದರೂ ಉತ್ತರ ಅದೇ ಅಲ್ವಾ ಪುತ್ತರ್?"

ನಾನು ನೇರ ಮಸೀದಿಗೆ ಬಂದು, ಮೇಲೆ ಹತ್ತಿ, ಅವರ ಅರ್ಜಿಯನ್ನು ತೆರೆದೆ. ನಮಾಜಿಗೆ ಮೊದಲಿನಂತೆ ಕೈಕಾಲು ತೊಳೆದು ವುಜೂ ಮಾಡಿಕೊಂಡೇ ಕೂತಿದ್ದೆ. 'ಇಲ್ಲ' ಎಂಬಲ್ಲಿ ಒತ್ತಿದೆ. ವಾಜಿದ್‌ನ ಹೆಸರನ್ನು ತೆಗೆಯಲಿಲ್ಲ. ತೆಗೆಯೆಂದು ಅವನು ಹೇಳಿದ್ದು ತನ್ನ ತಾಯಿಗೆ. ಖಾಲಾ ನನಗೆ ಹೇಳಿರಲಿಲ್ಲ.

ಗುರುವಾರ ಬೆಳಿಗ್ಗೆ ಸಣ್ಣಗೆ ಹಿಮಮಳೆ ಹನಿಯುತ್ತಿತ್ತು. ಕೋಣೆಯಲ್ಲಿ ಏಳೆಂಟು ಜನ. ಒಂಬತ್ತೂ ಮುಕ್ಕಾಲಿಗೆ ಖಾಲಾ ಒಬ್ಬರೇ ಬಂದರು. ಶಾಲು ನೆನೆದಿತ್ತು. ಫಜಲ್ ಚಾಚಾ ಗಡಬಡಿಸಿ ಎದ್ದು ಹೀಟರಿನ ಪಕ್ಕದ ತಮ್ಮ ಕುರ್ಚಿಯನ್ನು ಬಿಟ್ಟುಕೊಟ್ಟರು.

"ಬನ್ನಿ ಹಜ್ಜನ್ ಬೀ, ಇಲ್ಲಿ ಕೂತ್ಕೊಳ್ಳಿ. ಮೊನ್ನೆ ನಾಲಿಗೆ ಜಾರಿತು, ಮನಸ್ಸಿಗೆ ಹಚ್ಕೋಬೇಡಿ."

"ನಿಮ್ಮದೇನೂ ತಪ್ಪಿಲ್ಲ ಫಜಲ್ ಭಾಯಿ. ಆದರೆ ಆ ಹೆಸರಿಂದ ಕರೀಬೇಡಿ. ನಾನು ಹಜ್ಜನ್ ಅಲ್ಲ. ಅವತ್ತು ಅತ್ತೆ ಆಸ್ಪತ್ರೆಯಲ್ಲಿದ್ದರು, ನಾನು ಅವರ ಹತ್ತಿರ ಇದ್ದೆ. ಅರಫಾಗೆ ಹೋಗಲಿಲ್ಲ."

ಅಷ್ಟೇ ಹೇಳಿದರು. ಗಂಡನ ಬಗ್ಗೆ ಒಂದಕ್ಷರ ಆಡಲಿಲ್ಲ. ಆದರೆ ಕೋಣೆಯಲ್ಲಿದ್ದವರೆಲ್ಲ ಆ ಹಳೆಯ ಕಥೆ ಕೇಳಿ ಬೆಳೆದವರು. ಮೂವರೂ ಒಟ್ಟಿಗೆ ನಿಂತೆವು ಎಂಬ ಮಾತು ಅವರ ಮನಸ್ಸಿನಲ್ಲಿ ಹೇಗೆ ಮುರಿಯಿತೆಂಬುದು ಮುಖದ ಮೇಲೆ ಕಾಣುತ್ತಿತ್ತು.

ಹತ್ತು ಗಂಟೆಗೆ ಬುಕಿಂಗ್ ತೆರೆಯಿತು. ಪರದೆಯ ಮೇಲೆ ನಮ್ಮ ಸರದಿಯ ಸಂಖ್ಯೆ ಬಂತು, ಇಳಿಯುತ್ತ ಹೋಯಿತು. ಹತ್ತೂ ಇಪ್ಪತ್ತಕ್ಕೆ ಬಾಗಿಲು ಸಿಕ್ಕಿತು. ಖಾಲಾ ಮತ್ತು ವಾಜಿದ್ ಇಬ್ಬರಿಗೆ ಜಾಗ, ಹರಮ್ ಮಸೀದಿಗೆ ಹತ್ತಿರದ ವಸತಿ, ಗಾಲಿಕುರ್ಚಿ. ಆರಿಸಿದೆ. 'ಹದಿನೈದು ನಿಮಿಷದೊಳಗೆ ಹಣ ಕಟ್ಟಿ' ಎಂದು ಪರದೆ ಹೇಳಿತು. ಕಾರ್ಡು ವಾಜಿದ್‌ನದು. ಅದರ ಸಂಖ್ಯೆ ನನ್ನ ಹತ್ತಿರವಿತ್ತು. ಆದರೆ ಬ್ಯಾಂಕಿನವರು ಆ ಗಳಿಗೆಗೆ ಕಳಿಸುವ ಗುಟ್ಟಿನ ಸಂಖ್ಯೆ ಅವನ ಫೋನಿಗೇ ಬರಬೇಕು.

"ವಾಜಿದ್‌ಗೆ ಫೋನ್ ಮಾಡಲಾ ಖಾಲಾ?"

"ಬೇಡ. ಅವನಿಗೆ ಹತ್ತು ಗಂಟೆ ಅಂತ ಗೊತ್ತು."

ಹದಿನೈದು ಹನ್ನೆರಡಾಯಿತು. ಹನ್ನೆರಡು ಒಂಬತ್ತಾಯಿತು. ಖಾಲಾರ ತುಟಿ ಅಲುಗುತ್ತಿತ್ತು. ನಾನು ಮನಸ್ಸಿನಲ್ಲೇ ದುರೂದ್ ಪ್ರಾರ್ಥನೆ ಹೇಳುತ್ತಿದ್ದೆ.

ಆರು ನಿಮಿಷ ಉಳಿದಿರುವಾಗ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ವಾಜಿದ್ ಬಸ್ಸಿನವರ ನೀಲಿ ಸಮವಸ್ತ್ರದಲ್ಲೇ ಬಾಗಿಲಲ್ಲಿ ನಿಂತ. ಒಂಬತ್ತು ಗಂಟೆಯಿಂದ ಮಸೀದಿಯ ಎದುರು ಕಾರಿನೊಳಗೇ ಕೂತಿದ್ದನಂತೆ; ಆಮೇಲೆ ತಿಳಿಯಿತು. ಅವನು ನನ್ನ ಕಡೆಗೂ ನೋಡಲಿಲ್ಲ, ಪರದೆಯ ಕಡೆಗೂ ನೋಡಲಿಲ್ಲ. ಅಷ್ಟು ಜನರ ನಡುವೆ ನೇರ ತಾಯಿಯ ಮುಂದೆ ಹೋಗಿ ನೆಲದ ಮೇಲೆ ಕೂತ.

"ಬೇಬೇ, ಒಂದು ಕೇಳ್ತೀನಿ."

"ಕೇಳು."

"ದಾದಿ ಕೊನೆಗೆ ಏನಂದರು? ನಿಜವಾಗಿ."

ಖಾಲಾ ಅವನ ತಲೆಯ ಮೇಲಿನ ಹಿಮದ ಹನಿ ಒರೆಸಿದರು.

"ಕರಮ್ ಬಂದನಾ ಅಂದರು. ಬಂದಿದ್ದಾರೆ ಅತ್ತೆ, ಬಾಗಿಲಲ್ಲಿ ಇದ್ದಾರೆ ಅಂದೆ. ಬಾಗಿಲ ಕಡೆ ನೋಡ್ತಾ ಹೋದರು. ಕಲ್ಮಾ ನಾನೇ ಕಿವಿಯಲ್ಲಿ ಹೇಳಿದೆ."

ಐವತ್ತು ದಾಟಿದ ಗಂಡಸು ವಾಜಿದ್, ತಾಯಿಯ ಮಂಡಿಗೆ ಹಣೆ ಒತ್ತಿ ಅತ್ತ. ಖಾಲಾ ಅವನ ಬೆನ್ನ ಮೇಲೆ ಕೈಯಿಟ್ಟರು.

"ನನ್ನ ಅಬ್ಬಾ ಅಲ್ಲಿ ಇರಲಿಲ್ಲ" ಎಂದು ವಾಜಿದ್ ತಲೆ ಎತ್ತಿ, ಕೋಣೆಗೆಲ್ಲ ಕೇಳುವಂತೆ ಹೇಳಿದ. "ಫಜಲ್ ಚಾಚಾ, ಕೇಳಿಸಿತಾ? ಯಾರಾದರೂ ಕೇಳಿದರೆ ಹೀಗೇ ಹೇಳಿ. ಇರಲಿಲ್ಲ. ನನ್ನ ಬೇಬೇ ಇದ್ದರು."

"ಕೇಳಿಸಿತು ಮಗಾ" ಎಂದರು ಫಜಲ್ ಚಾಚಾ. "ಅಲ್ಲಾಹ್ ಅವನನ್ನ ಮನ್ನಿಸಲಿ. ನಾನಾಗಿದ್ದರೂ ಹೆದರುತ್ತಿದ್ದೆ. ಆ ಜನಜಾತ್ರೆ ನಾನು ಕಂಡಿದ್ದೀನಿ." ಅವರ ದನಿಯಲ್ಲಿ ಆಗ ತಮಾಷೆಯಿರಲಿಲ್ಲ. ಕೋಣೆಯಲ್ಲಿದ್ದವರೆಲ್ಲ "ಆಮೀನ್" ಎಂದರು.

"ವಾಜಿದ್, ಮೂರು ನಿಮಿಷ" ಎಂದೆ ನಾನು. ಎನ್ನದೆ ವಿಧಿಯಿರಲಿಲ್ಲ.

ಅವನು ಕೋಟಿನ ಜೇಬಿಂದ ಫೋನು ತೆಗೆದ. ನಾನು ಒತ್ತಿದೆ. ಸಂಖ್ಯೆ ಬಂತು. ಅವನು ಒಂದೊಂದೇ ಅಂಕಿ ಓದಿದ. ನಾನು ಒಂದೊಂದೇ ತುಂಬಿದೆ. ಚಕ್ರ ತಿರುಗಿತು, ತಿರುಗಿತು. ಆಮೇಲೆ ಹಸಿರು ಪುಟ ಬಂತು. ಎರಡು ಹೆಸರು, ಎರಡು ಸಂಖ್ಯೆ.

"ಆಯ್ತು ಖಾಲಾ. ಇಬ್ಬರಿಗೂ ಸಿಕ್ಕಿತು."

ಖಾಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ತೆಗೆದಾಗ ಕಣ್ಣು ಒಣಗಿತ್ತು, ಮುಖ ತಿಳಿಯಾಗಿತ್ತು.

"ಅದರಲ್ಲಿ ಅರಫಾದ ದಿನ ಬರೆದಿದೆಯಾ?"

ವಾಜಿದ್ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ. "ಇದೆ ಬೇಬೇ. ಜೂನ್ ಐದು. ಗುರುವಾರ. ಚಂದ್ರ ಕಂಡರೆ."

"ಅವತ್ತು ನನ್ನನ್ನ ಯಾರ ಹತ್ತಿರವೂ ಬಿಟ್ಟು ಹೋಗಬೇಡ. ನನಗೆ ಏನೇ ಆಗಲಿ. ಉಸಿರು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆ ಬಯಲಿಗೆ ಹೊತ್ತುಕೊಂಡು ಹೋಗು."

"ಹೊತ್ತುಕೊಂಡು ಹೋಗ್ತೀನಿ ಬೇಬೇ" ಎಂದ ವಾಜಿದ್.

ಅವನಿಗೆ ಹನ್ನೊಂದೂವರೆಗೆ ಡ್ಯೂಟಿಯ ಬಸ್ಸು ಹತ್ತುವುದಿತ್ತು. ಅಲ್ಲಿಯವರೆಗೆ ಅವನು ತಾಯಿಯ ಪಕ್ಕದಲ್ಲೇ ನಿಂತು, ಆ ಪುಟದಲ್ಲಿದ್ದುದನ್ನೆಲ್ಲ ಮೊದಲಿಂದ ಕೊನೆಯವರೆಗೆ ಅವರಿಗೆ ಓದಿ ಹೇಳಿದ. ಖಾಲಾ ಒಂದೊಂದು ಸಾಲಿಗೂ "ಹ್ಞೂಂ" ಎನ್ನುತ್ತ ಕೇಳಿದರು, ಮೊದಲನೆಯ ಸಲ ಹೊರಟವರು ಕೇಳುವ ಹಾಗೆ.